ಹಳೆ ಹಾಡು, ಟೇಟಮ್ ಕೈ

ಜಾಝ್ ವಾದಕ ಆರ್ಟ್ ಟೇಟಮ್ ಪಿಯಾನೊ ಕೇಳಿದವರಲ್ಲಿ ಎರಡು ಪಂಗಡ. ಕೆಲವರಿಗೆ ಅವರು ದೇವರು. ಇನ್ನು ಕೆಲವರಿಗೆ ಅವರ ಸಂಗೀತ ಒಡವೆ ಹೇರಿಕೊಂಡ ಮದುಮಗಳು: ಮುಖವೇ ಕಾಣದು. ಈ ಜಗಳ ಇಂದಿನದಲ್ಲ.

ಟೇಟಮ್ ಹುಟ್ಟಿದ್ದು 1909ರಲ್ಲಿ, ಅಮೆರಿಕದ ಟೊಲಿಡೊದಲ್ಲಿ. ಚಿಕ್ಕಂದಿನಿಂದಲೇ ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ. 1933ರ ಮಾರ್ಚ್‌ನಲ್ಲಿ ಬ್ರನ್ಸ್‌ವಿಕ್ ರೆಕಾರ್ಡ್ ಕಂಪನಿಗೆ ಒಬ್ಬರೇ ಕೂತು ನಾಲ್ಕು ಹಾಡು ನುಡಿಸಿದರು. ಅದರಲ್ಲೊಂದು ‘ಟೀ ಫಾರ್ ಟು’. 1920ರ ದಶಕದ ಸಂಗೀತ ನಾಟಕದ್ದು, ಎಲ್ಲರ ಬಾಯಲ್ಲೂ ಇದ್ದ ಹಾಡು. ಟೇಟಮ್ ಅದರ ಮಟ್ಟನ್ನು ಕೈಬಿಡಲಿಲ್ಲ. ಆದರೆ ಅದರ ಕೆಳಗಿದ್ದ ಕಾರ್ಡ್‌ಗಳನ್ನೇ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನೇ, ಬದಲಿಸಿದರು. ಎರಡು ಸಾಲಿನ ನಡುವೆ ಉಸಿರಾಡುವಷ್ಟು ಜಾಗ ಸಿಕ್ಕರೂ ಸಾಕು, ಬಲಗೈ ಮೇಲಿಂದ ಕೆಳಕ್ಕೆ ಜಾರುಬಂಡೆ ಆಡಿಬಿಡುತ್ತಿತ್ತು. ಇಬ್ಬರು ನುಡಿಸುತ್ತಿದ್ದಾರೇನೋ ಅನ್ನಿಸುತ್ತದೆ.

ನಿಮಿಷಕ್ಕೆ 78 ಸುತ್ತು ತಿರುಗುವ ಆಗಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಅಷ್ಟರಲ್ಲೇ ಎಲ್ಲ ಮುಗಿಯಬೇಕು. ಆ ಕಿಕ್ಕಿರಿದ ನುಡಿಸಾಣಿಕೆಗೆ ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ.

1948ರಲ್ಲಿ ಹೆಚ್ಚು ಹೊತ್ತು ಓಡುವ ಎಲ್‌ಪಿ ತಟ್ಟೆ ಬಂತು, ಜಾಗ ಸಿಕ್ಕಿತು. 1953ರ ಡಿಸೆಂಬರ್‌ನಲ್ಲಿ ನಿರ್ಮಾಪಕ ನಾರ್ಮನ್ ಗ್ರಾಂಟ್ಸ್ ಲಾಸ್ ಏಂಜಲೀಸ್‌ನಲ್ಲಿ ಟೇಟಮ್ ಅವರನ್ನು ಪಿಯಾನೊ ಮುಂದೆ ಕೂರಿಸಿ, ಇಷ್ಟ ಬಂದದ್ದು ನುಡಿಸಿ ಎಂದು ಬಿಟ್ಟರು. ಎರಡೇ ದಿನದಲ್ಲಿ 60ಕ್ಕೂ ಹೆಚ್ಚು ಹಾಡು! ಬಹುತೇಕ ಎಲ್ಲವೂ ಒಂದೇ ಸಲಕ್ಕೆ ಓಕೆ. ಎಲ್ಲವೂ ಜನ ಬಲ್ಲ ಹಾಡುಗಳೇ.

ಅಲ್ಲೇ ಜಗಳ ಹತ್ತಿದ್ದು. 1955ರಲ್ಲಿ ಫ್ರೆಂಚ್ ವಿಮರ್ಶಕ ಆಂದ್ರೆ ಒದೇರ್ ಟೀಕಿಸಿದರು: ಮೂಲ ಮಟ್ಟಿಗೇ ಅಂಟಿಕೊಂಡು ಅಲಂಕಾರ ಮಾಡುತ್ತಾರೆ, ಆರಿಸಿಕೊಳ್ಳುವ ಹಾಡುಗಳೂ ಸಾಧಾರಣ. ಪಿಯಾನೊ ವಾದಕ ಬಿಲ್ಲಿ ಟೇಲರ್ ಸುಮ್ನೆ ಕೂರಲಿಲ್ಲ, ಪತ್ರಿಕೆಯಲ್ಲೇ ಉತ್ತರ ಕೊಟ್ಟರು. ನನ್ನ ಮತ ಟೇಲರ್ ಕಡೆಗೆ. ಕರ್ನಾಟಕ ಸಂಗೀತದಲ್ಲಿ ಗೊತ್ತಿರುವ ಕೃತಿಯ ಸಾಲಿಗೆ ಹೊಸ ಸಂಗತಿ ಹಾಕಿ ಬೇರೆ ಬಗೆಯಲ್ಲಿ ಹಾಡಿದಾಗ ತಲೆದೂಗುವ ನಮಗೆ ಇದೇನು ಹೊಸದಲ್ಲ, ಅಲ್ವಾ? ಹಾಗಂತ ಒದೇರ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಒಂದರ ಹಿಂದೊಂದು ಹತ್ತು ಹಾಡು ಕೇಳಿದರೆ ತಲೆ ಚಿಟ್ಟು ಹಿಡಿಯುತ್ತದೆ.

ಹಾಗೆ ತಲೆ ಚಿಟ್ಟು ಹಿಡಿದವರು 1956ರ ಸೆಪ್ಟೆಂಬರ್‌ನ ಧ್ವನಿಮುದ್ರಣ ಕೇಳಬೇಕು. ಬೆನ್ ವೆಬ್‌ಸ್ಟರ್ ಸ್ಯಾಕ್ಸೊಫೋನ್‌ನಲ್ಲಿ ‘ಮೈ ಒನ್ ಅಂಡ್ ಓನ್ಲಿ ಲವ್’ ಹಾಡಿನ ಮಟ್ಟನ್ನು ನಿಧಾನವಾಗಿ, ಉಸಿರು ಕೇಳುವಂತೆ ಊದುತ್ತಾರೆ. ಸುತ್ತ ಟೇಟಮ್ ಮಾಮೂಲಿನಂತೆ ಬಳ್ಳಿ ಹಬ್ಬಿಸುತ್ತಾರೆ. ಇಲ್ಲಿ ಮುಖವೂ ಕಾಣುತ್ತದೆ, ಒಡವೆಯೂ. ಅದಾಗಿ ಎರಡು ತಿಂಗಳೊಳಗೆ, ನವೆಂಬರ್ 5ರಂದು, ಟೇಟಮ್ ತೀರಿಕೊಂಡರು. ವಯಸ್ಸು 47.