ತಣ್ಣಗಿದ್ದೂ ತೆವಳುವ ಲ್ಯಾಪ್‌ಟಾಪ್

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು ಆರಿಸಿದರೆ ಗ್ರಾಫಿನ ಕೆಳಗೆ ಸ್ಪೀಡ್ ಎಂದು ಒಂದು ಅಂಕಿ ಕಾಣುತ್ತದೆ. ಸರಿಯಿರುವ ಲ್ಯಾಪ್‌ಟಾಪಿನಲ್ಲಿ ಅದು ಕೆಲಸಕ್ಕೆ ತಕ್ಕಂತೆ ಏರುತ್ತ ಇಳಿಯುತ್ತ ಇರುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಮಾತ್ರ 0.39 ಗಿಗಾಹರ್ಟ್ಸ್‌ಗೆ ಅಂಟಿಕೊಂಡು ಕೂತುಬಿಡುತ್ತದೆ. ಇನ್ನು ಕೆಲವದರಲ್ಲಿ 0.79. ಹತ್ತು ಟ್ಯಾಬ್ ತೆರೆದರೂ ಅಷ್ಟೇ, ಸುಮ್ನೆ ಬಿಟ್ಟರೂ ಅಷ್ಟೇ. ಟೈಪ್ ಮಾಡಿದ ಅಕ್ಷರ ಪರದೆಯ ಮೇಲೆ ಬರಲು ಯೋಚನೆ ಮಾಡುತ್ತದೆ. ಅಡಿಗೆ ಕೈ ಇಟ್ಟು ನೋಡಿದರೆ ಬಿಸಿಯೂ ಇಲ್ಲ.

ಇಂಥ ಹೊತ್ತಿನಲ್ಲಿ ಮೊದಲು ಸಿಗುವ ಸಲಹೆ ಫಾರ್ಮ್ಯಾಟ್ ಹೊಡೆಸಿ ಅನ್ನೋದು. ಆಮೇಲೆ ರ‍್ಯಾಮ್ ಹಾಕಿಸಿ, ಎಸ್‌ಎಸ್‌ಡಿ ಹಾಕಿಸಿ. ಈ ಕಾಯಿಲೆಗೆ ಅದ್ಯಾವುದೂ ಮದ್ದಲ್ಲ. ಪ್ರೊಸೆಸರ್ (ಸಿಪಿಯು ಅಂದರೂ ಅದೇ) ಹಾಳಾಗಿಲ್ಲ. ನಿಧಾನ ಮಾಡು ಎಂದು ಯಾರೋ ಹೇಳಿದ್ದಾರೆ, ಅದು ಮಾಡುತ್ತಿದೆ. ಹೇಳಿದ್ದು ಯಾರು ಅನ್ನೋದನ್ನು ಹುಡುಕಬೇಕು.

ನಿಧಾನ ಆಗುವುದು ಪ್ರೊಸೆಸರಿಗೆ ಜೀವ ಉಳಿಸಿಕೊಳ್ಳುವ ದಾರಿ. ಅದು ತಿನ್ನುವ ವಿದ್ಯುತ್ತು ವೇಗದ ಜೊತೆ ಏರುತ್ತದೆ, ವೋಲ್ಟೇಜಿನ ವರ್ಗದ (ವೋಲ್ಟೇಜ್ ಗುಣಿಸು ವೋಲ್ಟೇಜ್) ಜೊತೆಗೂ ಏರುತ್ತದೆ. ವೇಗ, ವೋಲ್ಟೇಜ್ ಎರಡನ್ನೂ ಶೇಕಡ 20 ಇಳಿಸಿದರೆ ಲೆಕ್ಕ 0.8 ಗುಣಿಸು 0.8 ಗುಣಿಸು 0.8, ಅಂದರೆ ಸುಮಾರು 0.51. ಐದನೇ ಒಂದು ಪಾಲು ವೇಗ ಬಿಟ್ಟುಕೊಟ್ಟರೆ ಹೆಚ್ಚುಕಡಿಮೆ ಅರ್ಧ ಶಾಖ ಕಡಿಮೆ. ಒಳ್ಳೆ ವ್ಯಾಪಾರ ಅಲ್ವಾ? 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ತಾಣದವರು ಇದನ್ನು ವಿಡಿಯೊ ಮಾಡಿ ತೋರಿಸಿದರು. ಓಡುತ್ತಿರುವ ಕಂಪ್ಯೂಟರಿನ ಪ್ರೊಸೆಸರ್ ಮೇಲಿಂದ ಶಾಖ ಹೀರುವ ಲೋಹದ ಹೀಟ್‌ಸಿಂಕನ್ನೇ ಕಿತ್ತು ತೆಗೆದರು. ಆ ಕಾಲದ ಎಎಂಡಿ ಅಥ್ಲಾನ್ ಹೊಗೆ ಎದ್ದು ಸುಟ್ಟುಹೋಯಿತು. ಇಂಟೆಲ್ ಪೆಂಟಿಯಂ 4 ಸುಮ್ಮನೆ ವೇಗ ಇಳಿಸಿಕೊಂಡು ಓಡುತ್ತಲೇ ಇತ್ತು. ಇವತ್ತು ಎಲ್ಲ ಕಂಪನಿಗಳ ಪ್ರೊಸೆಸರಿನಲ್ಲೂ ಈ ಕಾವಲು ಇದೆ. ಎಷ್ಟೋ ಇಂಟೆಲ್ ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ 100 ಡಿಗ್ರಿ ಸೆಲ್ಸಿಯಸ್ ಕೊನೆಯ ಗೆರೆ.

ಹಾಗಾಗಿ ವೇಗ ಒಂದನ್ನೇ ನೋಡಿ ಪ್ರಯೋಜನವಿಲ್ಲ, ಪಕ್ಕದಲ್ಲಿ ಉಷ್ಣತೆಯನ್ನೂ ನೋಡಬೇಕು. ಎಚ್‌ಡಬ್ಲ್ಯುಇನ್ಫೊದಂಥ ಉಚಿತ ತಂತ್ರಾಂಶ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ವೇಗ ಕುಸಿದಾಗಲೆಲ್ಲ ಉಷ್ಣತೆ 95ರ ಆಚೆಗಿದ್ದರೆ ಕಳ್ಳ ಶಾಖವೇ. ಕೆಳಗಿನ ಮುಚ್ಚಳ ಬಿಚ್ಚಿದರೆ ಫ್ಯಾನ್ ನೋಡೋಕೆ ಸ್ವಚ್ಛವಾಗಿಯೇ ಇರಬಹುದು, ಅದಕ್ಕೆ ಮೋಸ ಹೋಗಬೇಡಿ. ಕಸ ಕೂರುವುದು ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವಿನ ಸಂದಿಯಲ್ಲಿ. ಕಂಬಳಿಯ ತುಂಡಿನ ಹಾಗೆ ಬೂದು ಬಣ್ಣದ ಒಂದು ಪಟ್ಟಿ ಅಲ್ಲಿ ಅಡ್ಡ ನಿಂತಿರುತ್ತದೆ. ಚಿಮಟದಲ್ಲಿ ಎಳೆದರೆ ಒಂದೇ ಸಲಕ್ಕೆ ಬರುವುದೂ ಉಂಟು. ಗಾಳಿ ಊದುವುದಾದರೆ ಫ್ಯಾನ್ ಗಿರ‍್ರನೆ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ. ಹಳೆಯದಾಗಿದ್ದರೆ ಚಿಪ್ಪಿನ ಶಾಖ ದಾಟಿಸಲು ಅದರ ಮೇಲೆ ಹಚ್ಚಿದ ಪೇಸ್ಟ್ ಕೂಡ ಒಣಗಿರುತ್ತದೆ, ಬದಲಾಯಿಸಬೇಕು.

ಊರಿನ ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಶಾಖ ಹೊರಗೆ ಹೋಗುವುದು ಚಿಪ್ಪಿಗೂ ಕೋಣೆಗೂ ಇರುವ ವ್ಯತ್ಯಾಸದ ಬಲದ ಮೇಲೆ. ಬೆಂಗಳೂರಿನ 25 ಡಿಗ್ರಿಯ ಕೋಣೆಯಲ್ಲಿ 95 ಡಿಗ್ರಿಯ ಚಿಪ್ಪಿಗೆ 70 ಡಿಗ್ರಿ ಅಂತರ ಸಿಗುತ್ತದೆ. ಮೇ ತಿಂಗಳ ರಾಯಚೂರಿನಲ್ಲಿ ಕೋಣೆ 42 ಡಿಗ್ರಿ ಇದ್ದರೆ ಬರೀ 53. ಅದೇ ಫ್ಯಾನ್, ಅದೇ ರೆಕ್ಕೆ, ಆದರೆ ಸಾಗಿಸುವ ಶಾಖ ಸುಮಾರು ಕಾಲು ಭಾಗ ಕಡಿಮೆ. ಅಂಥ ಲ್ಯಾಪ್‌ಟಾಪನ್ನು ಹಾಸಿಗೆ ಮೇಲಿಟ್ಟು ಗಾಳಿ ಕಿಂಡಿಯನ್ನೂ ಮುಚ್ಚಿದರೆ ಕೇಳೋದೇ ಬೇಡ.

ಎರಡನೆಯ ಕಾರಣಕ್ಕೆ ರಿಪೇರಿ ಬೇಕಿಲ್ಲ. ತೆಳ್ಳನೆ ಲ್ಯಾಪ್‌ಟಾಪುಗಳ ಎಷ್ಟೋ ಪ್ರೊಸೆಸರುಗಳಿಗೆ ದೀರ್ಘಕಾಲ ತಿನ್ನಲು ಅನುಮತಿ ಇರುವುದು 15 ವ್ಯಾಟ್ ಮಾತ್ರ. ಮೊದಲ ಅರ್ಧ ನಿಮಿಷ ಜಾಸ್ತಿ ತಿಂದು ಹಾರಾಡುತ್ತದೆ, ಆಮೇಲೆ ತನ್ನ ಮಿತಿಗೆ ಇಳಿಯುತ್ತದೆ. ಅದು ವಿನ್ಯಾಸ, ದೋಷವಲ್ಲ. ಹಾಗಂತ ಕಂಪನಿಗಳು ಇಲ್ಲಿ ಎಡವುವುದೇ ಇಲ್ಲ ಎಂದಲ್ಲ. 2018ರ ಮ್ಯಾಕ್‌ಬುಕ್ ಪ್ರೊ ಭಾರದ ಕೆಲಸದಲ್ಲಿ ವಿಪರೀತ ನಿಧಾನವಾದಾಗ, ಯಂತ್ರದೊಳಗೇ ಕೂತ ತಂತ್ರಾಂಶವಾದ ಫರ್ಮ್‌ವೇರಿನಲ್ಲಿ ಒಂದು ಡಿಜಿಟಲ್ ಕೀ ಬಿಟ್ಟುಹೋಗಿದೆ ಎಂದು ಆಪಲ್ ಒಪ್ಪಿಕೊಂಡು ಅಪ್‌ಡೇಟ್ ಕೊಟ್ಟಿತು.

ಈಗ 0.39ರ ವಿಷಯ. ಇಂಟೆಲ್ ಪ್ರೊಸೆಸರಿನಲ್ಲಿ ಪ್ರೋಕ್‌ಹಾಟ್ ಎಂಬ ಒಂದು ಪಿನ್ ಇದೆ. ನಾನು ಬಿಸಿಯಾದೆ ಎಂದು ಹೊರಗೆ ಸಾರುವುದಕ್ಕೆ ಇಟ್ಟದ್ದು. ಆಮೇಲೆ ಅದನ್ನು ಎರಡೂ ದಿಕ್ಕಿಗೆ ಕೆಲಸ ಮಾಡುವಂತೆ ಮಾಡಿದರು. ಮದರ್‌ಬೋರ್ಡಿನ ಬೇರೆ ಭಾಗಗಳೂ ಆ ತಂತಿಯನ್ನು ಎಳೆದು ಪ್ರೊಸೆಸರನ್ನು ನಿಧಾನಿಸಬಹುದು. ಬಸ್ಸಿನಲ್ಲಿ ಕಂಡಕ್ಟರ್ ಎಳೆಯುವ ಗಂಟೆ ಹಗ್ಗದ ಹಾಗೆ: ಎಳೆದದ್ದು ಕಂಡಕ್ಟರೋ, ಹಿಂದಿನ ಸೀಟಿನ ಹುಡುಗನೋ, ಡ್ರೈವರಿಗೆ ಗೊತ್ತಾಗುವುದಿಲ್ಲ. ಗಂಟೆ ಕೇಳಿತು, ಬ್ರೇಕ್ ಹಾಕಿದ. ಪ್ರೊಸೆಸರ್ ಕೂಡ ತನ್ನ ಕನಿಷ್ಠ ಗೇರಿಗೆ ಇಳಿಯುತ್ತದೆ. ಪ್ರೊಸೆಸರಿನ ವೇಗ ಅಂದರೆ ಅದರ ಮೂಲ ಗಡಿಯಾರದ ಮಿಡಿತವನ್ನು ಒಂದು ಗುಣಕದಿಂದ ಗುಣಿಸಿದ್ದು. ಮೂಲ ಗಡಿಯಾರ 100 ಮೆಗಾಹರ್ಟ್ಸ್, ಕನಿಷ್ಠ ಗುಣಕ 4 ಆದರೆ 400 ಮೆಗಾಹರ್ಟ್ಸ್, ಅಂದರೆ 0.4 ಗಿಗಾಹರ್ಟ್ಸ್. ಗುಣಕ 8 ಆದರೆ 800. ಗಡಿಯಾರ ಚೂರು ಹಿಂದಿರುವುದರಿಂದ ಪರದೆಯಲ್ಲಿ 0.39, 0.79.

ಹಗ್ಗ ಎಳೆಯುವವರಲ್ಲಿ ಮೊದಲು ಅನುಮಾನಿಸಬೇಕಾದ್ದು ಚಾರ್ಜರನ್ನು. ಕೆಲವು ಕಂಪನಿಗಳ ದುಂಡು ಪಿನ್ನಿನ ಚಾರ್ಜರುಗಳಲ್ಲಿ ನಡುವೆ ಸೂಜಿಯಂಥ ಒಂದು ಕಡ್ಡಿ ಇರುತ್ತದೆ. ಕರೆಂಟ್ ಬರುವುದು ಅದರಲ್ಲಲ್ಲ. ನಾನು 65 ವ್ಯಾಟಿನವನು, 130 ವ್ಯಾಟಿನವನು ಎಂದು ಲ್ಯಾಪ್‌ಟಾಪಿಗೆ ಪರಿಚಯ ಹೇಳಿಕೊಳ್ಳುವುದು ಆ ಕಡ್ಡಿಯ ಕೆಲಸ. ಅದು ಬಾಗಿದರೆ, ಮುರಿದರೆ, ಅಥವಾ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಗ್ಗಕ್ಕೆ ಸಿಕ್ಕ ಡೂಪ್ಲಿಕೇಟ್ ಚಾರ್ಜರಿಗೆ ಪರಿಚಯ ಹೇಳಲು ಬಾರದಿದ್ದರೆ, ಲ್ಯಾಪ್‌ಟಾಪ್ ಎಷ್ಟು ಎಳೆಯಬಹುದೋ ತಿಳಿಯದೆ ಹೆದರಿ ಬ್ಯಾಟರಿ ಚಾರ್ಜ್ ನಿಲ್ಲಿಸುತ್ತದೆ, ವೇಗವನ್ನೂ ಕಟ್ಟಿಹಾಕುತ್ತದೆ. ದೀಪ ಮಾತ್ರ ಉರಿಯುತ್ತಿರುತ್ತದೆ, ಅದಕ್ಕೇ ಚಾರ್ಜರ್ ಸರಿಯಿದೆ ಅಂತ ನಾವು ಅಂದುಕೊಳ್ಳುವುದು.

ಸತ್ತ ಬ್ಯಾಟರಿಯೂ ಆ ಹಗ್ಗ ಎಳೆಯುತ್ತದೆ. ಪ್ರೊಸೆಸರ್ ಗಕ್ಕನೆ ವೇಗ ಏರಿಸಿದಾಗ ಚಾರ್ಜರಿಗೆ ಮೀರಿದ ಕರೆಂಟನ್ನು ಒಂದು ಕ್ಷಣ ಬ್ಯಾಟರಿ ತುಂಬಿಕೊಡಬೇಕಾಗುತ್ತದೆ. ಬ್ಯಾಟರಿ ತೆಗೆದರೆ ಮ್ಯಾಕ್‌ಬುಕ್ ತಾನಾಗಿ ವೇಗ ಇಳಿಸುತ್ತದೆ ಎಂದು ಆಪಲ್ ಹಿಂದೆಯೇ ಬರೆದಿತ್ತು. ಹಳೆ ಬ್ಯಾಟರಿಯ ಐಫೋನುಗಳನ್ನು ನಿಧಾನಿಸುತ್ತಿದ್ದೇವೆ ಎಂದು 2017ರ ಡಿಸೆಂಬರಿನಲ್ಲಿ ಅದು ಒಪ್ಪಿಕೊಂಡಾಗ ಗಲಾಟೆಯೇ ಆಯಿತು. ಎರಡರ ಹಿಂದೆಯೂ ಇದೇ ಲೆಕ್ಕ.

ಪರೀಕ್ಷೆಗೆ ಸ್ಕ್ರೂಡ್ರೈವರ್ ಬೇಡ. ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ಚಾರ್ಜರ್ ಕಿತ್ತು ನೋಡಿ. ಅಂಕಿ ತಕ್ಷಣ 2, 3ಕ್ಕೆ ಹಾರಿದರೆ ತಪ್ಪು ಚಾರ್ಜರಿನದು, ಇಲ್ಲವೇ ಅದು ಸಿಕ್ಕಿಸುವ ಪೋರ್ಟಿನದು. ಹಾರದಿದ್ದರೆ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಉಳಿದಿರುವ ವಿದ್ಯುತ್ತು ಖಾಲಿಯಾಗಿ, ಬೋರ್ಡಿನ ಪುಟ್ಟ ನಿಯಂತ್ರಕ ಹಳೆ ಭಯ ಮರೆತು ಹೊಸದಾಗಿ ಶುರುವಾಗಬಹುದು. ಬಯೋಸ್ (ಬೋರ್ಡಿನೊಳಗೇ ಇರುವ, ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಇದ್ದರೆ ಅದನ್ನೂ ಹಾಕಿ.

ಥ್ರಾಟಲ್‌ಸ್ಟಾಪ್ ಎಂಬ ತಂತ್ರಾಂಶದಲ್ಲಿ ಬಿ.ಡಿ. (ಬೈಡೈರೆಕ್ಷನಲ್, ಅಂದರೆ ಎರಡೂ ದಿಕ್ಕಿನ) ಪ್ರೋಕ್‌ಹಾಟ್ ಎಂಬ ಚೌಕದ ಗುರುತು ತೆಗೆದರೆ ಪ್ರೊಸೆಸರ್ ಆ ಹಗ್ಗಕ್ಕೆ ಕಿವಿಗೊಡುವುದನ್ನು ನಿಲ್ಲಿಸುತ್ತದೆ. ಲಿನಕ್ಸಿನವರು 0ಎಕ್ಸ್1ಎಫ್‌ಸಿ ಎಂಬ ರಿಜಿಸ್ಟರಿನ (ಪ್ರೊಸೆಸರಿನೊಳಗೆ ಸೆಟ್ಟಿಂಗ್ ಇಡುವ ಜಾಗ) ಸೊನ್ನೆಯ ಬಿಟ್ಟನ್ನು ಆಫ್ ಮಾಡಿ ಅದೇ ಕೆಲಸ ಮಾಡುತ್ತಾರೆ. ರೋಗ ಪತ್ತೆಗೆ ಇದು ಒಳ್ಳೆಯ ಉಪಾಯ. ಕಾಯಂ ಔಷಧಿ ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಪ್ರೊಸೆಸರಿನ ಸ್ವಂತ ಕಾವಲು ಆಗಲೂ ಇರುತ್ತದೆ ನಿಜ, ಆದರೆ ಹಗ್ಗ ಎಳೆದದ್ದು ನಿಜವಾಗಿಯೂ ಕಾದುಹೋದ ವೋಲ್ಟೇಜ್ ಸರ್ಕ್ಯೂಟ್ ಆಗಿದ್ದರೆ ಅದಕ್ಕೆ ಬೇರೆ ಕಾವಲುಗಾರ ಇರಲಿಕ್ಕಿಲ್ಲ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರಂತೂ ಮೊದಲು ಬ್ಯಾಟರಿ ಬದಲಾಗಬೇಕು.

ಇಷ್ಟಕ್ಕೂ ಬಗ್ಗದಿದ್ದರೆ ಬೋರ್ಡಿನ ಸೆನ್ಸರ್ ಕೆಟ್ಟಿರಬಹುದು, ಅದು ರಿಪೇರಿಯವರ ಕೆಲಸ. ಹೋಗುವಾಗ ಬರೀ ಸ್ಲೋ ಆಗಿದೆ ಅನ್ನಬೇಡಿ. ಚಾರ್ಜರ್ ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು, ಆಗ ಉಷ್ಣತೆ ಎಷ್ಟು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅದನ್ನು ನೋಡಿಯೂ ಫಾರ್ಮ್ಯಾಟ್ ಮಾಡೋಣ ಅಂದರೆ ಪಕ್ಕದ ಅಂಗಡಿಗೆ ಹೋಗಿ.