ಕೂಗದ ಕುಕ್ಕರ್

ಅಡುಗೆಮನೆ ಉಪಕರಣಗಳ ಕೈಪಿಡಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಕೈಪಿಡಿಯಲ್ಲಿ ಹೀಗೆ ಬರೆದಿದ್ದೆ: ‘ಕುಕ್ಕರ್ ಮುಚ್ಚಳದ ಜಾಲರಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ಸಾಬೂನು ನೀರಿನಲ್ಲಿ ತೊಳೆಯಿರಿ.’ ಮೂಲದಲ್ಲಿ ಇದ್ದದ್ದು ‘ಕುಕ್ಕರ್ ಹುಡ್’. ಹುಡ್ ಎಂದರೆ ಮೇಲೆ ಮುಚ್ಚುವಂಥದ್ದು, ಕುಕ್ಕರ್ ಅಂತೂ ಗೊತ್ತೇ ಇದೆ, ಇನ್ನು ನಿಘಂಟು ಯಾಕೆ ತೆರೆಯಬೇಕು? ಕರಡು ತಿದ್ದುತ್ತಿದ್ದ ಹಿರಿಯರು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಸಾಲು ಬರೆದು ಕಳಿಸಿದರು: ‘ನಿಮ್ಮ ಮನೆಯ ಕುಕ್ಕರ್ ಮುಚ್ಚಳಕ್ಕೆ ಜಾಲರಿ ಇದೆಯೇ?’

ಕುಕ್ಕರ್ ಹುಡ್ ಎಂದರೆ ಒಲೆಯ ಮೇಲ್ಗಡೆ ಗೋಡೆಗೆ ಕೂರಿಸುವ, ಹೊಗೆಯನ್ನೂ ಒಗ್ಗರಣೆಯ ಘಾಟನ್ನೂ ಎಳೆದುಕೊಳ್ಳುವ ಯಂತ್ರ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಎಲ್ಲರೂ ಚಿಮ್ನಿ ಎನ್ನುತ್ತಾರಲ್ಲ, ಅದೇ.

ಬ್ರಿಟನ್ನಿನ ಇಂಗ್ಲಿಷಿನಲ್ಲಿ ಬರಿಯ ‘ಕುಕ್ಕರ್’ ಎಂದರೆ ಒಲೆ. ಮೇಲೆ ನಾಲ್ಕು ಬರ್ನರ್, ಕೆಳಗೆ ಓವನ್, ಎಲ್ಲ ಸೇರಿದ ಆಳೆತ್ತರಕ್ಕೆ ಕಡಿಮೆಯಾದ ಒಂದು ಪೆಟ್ಟಿಗೆ. ಮೇಲಿನ ಉರಿಯ ಭಾಗ ಮಾತ್ರ ಬೇಕಾದರೆ ಅದು ‘ಹಾಬ್’. ಅಮೆರಿಕದವರು ಇಡೀ ಪೆಟ್ಟಿಗೆಯನ್ನು ಸ್ಟೌ ಅಥವಾ ರೇಂಜ್ ಎನ್ನುತ್ತಾರೆ. ಹುಳಿಯಾಗಿದ್ದು ಬೇಯಿಸಿಯೇ ತಿನ್ನಬೇಕಾದ ಸೇಬಿಗೂ ಬ್ರಿಟನ್ನಿನಲ್ಲಿ ಕುಕ್ಕರ್ ಎಂಬ ಹೆಸರುಂಟು. ಆದರೆ ಅಡುಗೆ ಮಾಡುವ ಮನುಷ್ಯ ಮಾತ್ರ ಕುಕ್ಕರ್ ಅಲ್ಲ, ಬರಿಯ ಕುಕ್. ಓಡಿಸುವವನು ಡ್ರೈವರ್, ಹೊಲಿಯುವವನು ಟೈಲರ್ ಎಂದು ರೂಢಿಯಾದ ನಾಲಿಗೆ ಇಲ್ಲಿ ಎಡವುತ್ತದೆ.

ನಮ್ಮಲ್ಲಿ ‘ಪ್ರೆಷರ್’ ಉದುರಿ ‘ಕುಕ್ಕರ್’ ಉಳಿಯಿತು. ಉಳಿದದ್ದು ಪಾತ್ರೆಯ ಹೆಸರಾಗಿ ಮಾತ್ರವಲ್ಲ. ‘ಕುಕ್ಕರ್ ಇಟ್ಟೆಯಾ?’ ಎಂದು ಅಮ್ಮ ಫೋನಿನಲ್ಲಿ ಕೇಳಿದರೆ ಅನ್ನಕ್ಕೆ ಇಟ್ಟೆಯಾ ಎಂದೇ ಅರ್ಥ. ಚರಿಗೆಯಲ್ಲಿ ಅಕ್ಕಿ ಬೇಯಿಸಿ ಗಂಜಿ ಬಸಿಯುತ್ತಿದ್ದ ಕಾಲದಲ್ಲಿ ‘ಚರಿಗೆ ಇಟ್ಟೆಯಾ’ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಈ ಪಾತ್ರೆಗೆ ಮೊದಲು ಇದ್ದ ಹೆಸರೇ ಬೇರೆ. ಲಂಡನ್ನಿನಲ್ಲಿದ್ದ ಫ್ರೆಂಚ್ ವಿಜ್ಞಾನಿ ಡೆನಿ ಪಾಪಿನ್ 1679ರಲ್ಲಿ ಇದರ ಮೂಲರೂಪವನ್ನು ಮಾಡಿದಾಗ ಕೊಟ್ಟ ಹೆಸರು ‘ಡೈಜೆಸ್ಟರ್’. ಗಟ್ಟಿ ಮೂಳೆಯನ್ನೂ ಮೆತ್ತಗೆ ಮಾಡಿಬಿಡುವ ಪಾತ್ರೆಗೆ ಜೀರ್ಣಕ್ಕೆ ಸಂಬಂಧಿಸಿದ ಹೆಸರು ತಕ್ಕದ್ದೇ. 1682ರಲ್ಲಿ ಅಲ್ಲಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಸದಸ್ಯರಿಗೆ ಇದರಲ್ಲಿ ಬೇಯಿಸಿದ ಊಟ ಬಡಿಸಿದ್ದನ್ನು ಆ ಕಾಲದ ಇಂಗ್ಲಿಷ್ ಬರಹಗಾರ ಜಾನ್ ಈವ್ಲಿನ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಪಾತ್ರೆ ಸಿಡಿಯದಂತೆ ಸೇಫ್ಟಿ ವಾಲ್ವ್ ಕಂಡುಹಿಡಿದವನೂ ಪಾಪಿನ್ನನೇ.

ಬೆಂಗಳೂರು ಕುಕ್ಕರನ್ನು ಇಷ್ಟು ಹಚ್ಚಿಕೊಳ್ಳಲು ಊರಿನ ಎತ್ತರವೂ ಒಂದು ಕಾರಣವಿರಬೇಕು ಎನ್ನುವುದು ನನ್ನ ಊಹೆ. ನಾವು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದ್ದೇವೆ. ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆಯ ತೊಗರಿಬೇಳೆ ಅದಕ್ಕಿಂತ ಹೆಚ್ಚು ಬಿಸಿ ಕಾಣುವುದಿಲ್ಲ. ಕುಕ್ಕರಿನ ಮೇಲಿನ ವೆಯ್ಟ್ ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಹೆಚ್ಚಿನ ಒತ್ತಡವನ್ನು ಒಳಗೆ ತಡೆದಿಟ್ಟುಕೊಳ್ಳುತ್ತದೆ. ಆಗ ನೀರು ಕುದಿಯಲು 120 ಡಿಗ್ರಿಯ ಹತ್ತಿರ ಬರಬೇಕು. ಬೇಳೆ ಕರಗುವುದು ಆ ಇಪ್ಪತ್ತು ಚಿಲ್ಲರೆ ಡಿಗ್ರಿಯ ದೆಸೆಯಿಂದ.

ನನಗೆ ನಿಜವಾದ ತಲೆನೋವು ತಂದಿಡುವ ಮಾತು ಕುಕ್ಕರ್ ಅಲ್ಲ, ಕೂಗು. ಕೈಪಿಡಿ ಬರೆಯುವ ಎಂಜಿನಿಯರ್ ನಿಮಿಷದ ಲೆಕ್ಕ ಕೊಡುತ್ತಾನೆ: ಒತ್ತಡ ಪೂರ್ತಿ ಏರಿದ ಮೇಲೆ ಉರಿ ತಗ್ಗಿಸಿ, ಇಷ್ಟು ನಿಮಿಷ ಬೇಯಿಸಿ. ಓದುವ ಮನೆಯವರು ಕೇಳುವುದು ‘ಎಷ್ಟು ಕೂಗು ಹೇಳಿ ಸಾಕು’ ಎಂದು. ನ್ಯಾಯ ಎಂಜಿನಿಯರ್ ಕಡೆಗಿದೆ. ಉರಿ ದೊಡ್ಡದಿದ್ದರೆ ಮೂರು ಕೂಗು ಬೇಗ ಮುಗಿದು ಬೇಳೆ ಇಡಿಯಿಡಿಯಾಗಿ ಉಳಿಯುತ್ತದೆ. ಉರಿ ಸಣ್ಣದಿದ್ದರೆ ಕೂಗೇ ಬಾರದೆ ಬೇಳೆ ಹದವಾಗಿ ಬೆಂದಿರುತ್ತದೆ. 3 ಲೀಟರಿನದು ಕೂಗಿದಂತೆ 5 ಲೀಟರಿನದು ಕೂಗುವುದಿಲ್ಲ. ಆದರೂ ನನ್ನ ಮನಸ್ಸು ಮನೆಯವರ ಕಡೆಗೇ ವಾಲುತ್ತದೆ. ಗಡಿಯಾರ ನೋಡಲು ಒಲೆಯ ಮುಂದೆ ನಿಲ್ಲಬೇಕು, ಕೂಗನ್ನು ಹೂ ಕಟ್ಟುತ್ತಾ ನಡುಮನೆಯಿಂದಲೇ ಎಣಿಸಬಹುದು. ಹಾಗಾಗಿ ಈಗ ‘ಮೊದಲ ಕೂಗು ಬಂದ ಮೇಲೆ ಉರಿ ತಗ್ಗಿಸಿ’ ಎಂದು ಬರೆದು, ಅದರ ಮುಂದೆ ನಿಮಿಷ ಸೇರಿಸುತ್ತೇನೆ. ಇಬ್ಬರಿಗೂ ಅರ್ಧ ಸಮಾಧಾನ.

ಕಳೆದ ವರ್ಷ ಅಕ್ಕನ ಮಗಳು ಓದಲು ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಹೊರಟಳು. ಬಾಡಿಗೆ ಕರಾರಿನಲ್ಲಿ ಮಂಚ, ಫ್ರಿಜ್ ಜೊತೆಗೆ ಕುಕ್ಕರ್ ಕೂಡ ಕೊಡುತ್ತೇವೆ ಎಂದಿತ್ತಂತೆ. ಸೂಟ್‌ಕೇಸಿನ ತೂಕ ಹೆಚ್ಚಾಗಿದ್ದರಿಂದ ಅಕ್ಕ ಹೊಸ 3 ಲೀಟರ್ ಕುಕ್ಕರನ್ನು ಹೊರಗೆ ತೆಗೆದಿಟ್ಟು, ಆ ಜಾಗಕ್ಕೆ ಸಾರಿನ ಪುಡಿ ತುಂಬಿದಳು. ನನ್ನನ್ನು ಯಾರೂ ಕೇಳಲಿಲ್ಲ. ಹೋದ ಮರುದಿನ ಹುಡುಗಿ ಒಲೆಯ ಫೋಟೊ ಕಳಿಸಿ, ‘ಚಿಕ್ಕಮ್ಮ, ಇದಕ್ಕೆ ವೆಯ್ಟ್ ಎಲ್ಲಿ ಹಾಕಬೇಕು?’ ಎಂದು ಬರೆದಿದ್ದಳು.