ಹೆಗ್ಗುರುತು: ನೊರಜಿನ ರೆಕ್ಕೆ ಮೇಲಿನ ಚುಕ್ಕಿ

ಹೆಮ್ಮರ, ಹೆದ್ದಾರಿ, ಹೆಬ್ಬಾಗಿಲು. ಹೆಗ್ಗುರುತು ಕೂಡ ಇದೇ ಸಾಲಿನ ಪದ, ದೊಡ್ಡ ಗುರುತು ಅಂತ ಅರ್ಥ. ಸಂತೆಗೆ ದಾರಿ ಕೇಳಿದವರಿಗೆ "ಅರಳಿಕಟ್ಟೆ ಹತ್ರ ಎಡಕ್ಕೆ ತಿರುಗಿ" ಅಂತೀವಲ್ಲ, ಆ ಕಟ್ಟೆಯೇ ಹೆಗ್ಗುರುತು. ಕೀಟಗಳ ಆಕಾರ ಅಳೆಯುವವರು ಲ್ಯಾಂಡ್‌ಮಾರ್ಕ್ ಅನ್ನುವುದಕ್ಕೂ ಇದೇ ಪದ ಚೆನ್ನಾಗಿ ಒಪ್ಪುತ್ತದೆ. ಆದರೆ ಅಲ್ಲಿ ಅದು ಸುಮಾರು ಒಂದು ಮಿಲಿಮೀಟರ್ ಉದ್ದದ ರೆಕ್ಕೆಯ ಮೇಲೆ ಗುರುತಿಸುವ ಚುಕ್ಕಿ.

ಕಡೂರು, ಅರಸೀಕೆರೆ ಕಡೆ ಮಳೆಗಾಲದ ಸಂಜೆ ಕುರಿ ರೊಪ್ಪದಲ್ಲಿ ನಿಂತರೆ ಮೊಣಕೈ ಹತ್ತಿರ ಸೂಜಿ ಚುಚ್ಚಿದ ಹಾಗಾಗುತ್ತದೆ. ತಿರುಗಿ ನೋಡಿದರೆ ರಾಗಿ ಕಾಳಿನಷ್ಟು ಕರಿ ಹುಳ. ಅದೇ ನೊರಜು. ಕಚ್ಚುವ ನೊರಜುಗಳ ಕ್ಯುಲಿಕಾಯ್ಡಿಸ್ ಕುಲ ಒಂದರಲ್ಲೇ 1,300ಕ್ಕೂ ಹೆಚ್ಚು ಪ್ರಭೇದಗಳಿವೆ. ರಕ್ತ ಹೀರುವುದು ಹೆಣ್ಣು ಮಾತ್ರ. ಕುರಿಗಳಿಗೆ ನೀಲಿ ನಾಲಿಗೆ ರೋಗ ಹರಡುವುದು ಇವುಗಳಲ್ಲಿ ಕೆಲವು, ಎಲ್ಲವೂ ಅಲ್ಲ. ಹಾಗಾಗಿ ಯಾವುದು ಯಾವುದು ಅಂತ ಗೊತ್ತಾಗಲೇಬೇಕು.

ಎಷ್ಟೋ ಪ್ರಭೇದಗಳನ್ನು ರೆಕ್ಕೆಯ ಬೂದು-ಬಿಳಿ ಮಚ್ಚೆ ನೋಡಿಯೇ ಹೇಳಬಹುದು. ಕೆಲವು ಮಾತ್ರ ಅವಳಿಗಳ ಹಾಗೆ. 2006ರಲ್ಲಿ ನೆದರ್ಲೆಂಡ್ಸ್, ಬೆಲ್ಜಿಯಂ, ಜರ್ಮನಿಯಲ್ಲಿ ಈ ರೋಗ ಕಾಣಿಸಿಕೊಂಡಾಗ ಅಲ್ಲಿನ ಆಬ್ಸೊಲೀಟಸ್ ಗುಂಪಿನ ನೊರಜುಗಳ ಮೇಲೆ ಎಲ್ಲರ ಕಣ್ಣು ಬಿತ್ತು. ಆಬ್ಸೊಲೀಟಸ್, ಸ್ಕಾಟಿಕಸ್ ಎಂಬ ಎರಡು ಪ್ರಭೇದಗಳು ಆ ಗುಂಪಿಗೆ ಸೇರಿದವು. ಗಂಡುಗಳಾದರೆ ಜನನಾಂಗ ನೋಡಿ ಬೇರೆ ಮಾಡಬಹುದು. ಆದರೆ ಬೆಳಕಿನ ಬಲೆಗೆ ಬೀಳುವುದು ಜಾಸ್ತಿ ಹೆಣ್ಣುಗಳೇ. ಅವನ್ನು ಬರಿ ನೋಟದಲ್ಲಿ ಬೇರೆ ಮಾಡುವುದು ಬಹಳ ಕಷ್ಟ.

ಹೆಗ್ಗುರುತು ಬೇಕಾಗುವುದು ಇಲ್ಲಿ. ರೆಕ್ಕೆ ಬಿಡಿಸಿ, ಗಾಜಿನ ಮೇಲೆ ಚಪ್ಪಟೆಯಾಗಿ ಕೂರಿಸಿ, ಸೂಕ್ಷ್ಮದರ್ಶಕದಲ್ಲಿ ಫೋಟೊ ತೆಗೆಯುತ್ತಾರೆ. ನರಗಳು ಕೂಡುವ, ಕವಲೊಡೆಯುವ, ಅಂಚು ಮುಟ್ಟುವ ಜಾಗಗಳಲ್ಲಿ ಕಂಪ್ಯೂಟರಿನಲ್ಲಿ ಚುಕ್ಕಿ ಇಡುತ್ತಾರೆ. ನಿಯಮ ಒಂದೇ: ಒಂದು ರೆಕ್ಕೆಯ ಮೂರನೇ ಚುಕ್ಕಿ ಯಾವ ಕವಲಿನಲ್ಲಿದೆಯೋ, ಪ್ರತಿ ರೆಕ್ಕೆಯಲ್ಲೂ ಮೂರನೇ ಚುಕ್ಕಿ ಅದೇ ಕವಲಿನಲ್ಲಿರಬೇಕು. "ಸುಮಾರಾಗಿ ನಡುವೆ" ಅನ್ನುವುದು ಹೆಗ್ಗುರುತಲ್ಲ.

ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ಹಬ್ಬದ ದಿನ ಅಂಗಳದ ತುಂಬ ಇಟ್ಟರೂ, ತುಳಸಿಕಟ್ಟೆ ಮುಂದೆ ಗೇಣಗಲ ಇಟ್ಟರೂ ಅದೇ ರಂಗೋಲಿ, ಅಲ್ವಾ? ಅಳತೆ ಬೇರೆ, ಆಕಾರ ಒಂದೇ. ಒಂದು ಚುಕ್ಕಿ ಪಕ್ಕಕ್ಕೆ ಜರುಗಿದರೆ ಮಾತ್ರ ಎಳೆ ವಾಲುತ್ತದೆ. ರೆಕ್ಕೆಯಲ್ಲೂ ಹುಡುಕುವುದು ಆ ವಾಲನ್ನೇ. ಮರಿಹುಳ ಬೆಳೆದ ಕೆಸರಿನ ಬಿಸಿ-ತಂಪು, ಸಿಕ್ಕ ಮೇವು ಇವುಗಳಿಂದ ಒಂದೇ ಪ್ರಭೇದದಲ್ಲೂ ರೆಕ್ಕೆ ದೊಡ್ಡದು ಚಿಕ್ಕದು ಆಗುತ್ತದೆ. ಅದಕ್ಕೇ ಎಲ್ಲ ರೆಕ್ಕೆಗಳನ್ನೂ ಲೆಕ್ಕದಲ್ಲಿ ಒಂದೇ ಅಳತೆಗೆ ತಂದು, ನಡುಬಿಂದು ಕೂಡಿಸಿ, ಒಂದೇ ದಿಕ್ಕಿಗೆ ತಿರುಗಿಸುತ್ತಾರೆ. ಉಳಿದ ವ್ಯತ್ಯಾಸವೇ ಆಕಾರ. ಇದಕ್ಕೆ ಪ್ರೊಕ್ರಸ್ಟಿಸ್ ಹೊಂದಿಕೆ ಎಂದು ಹೆಸರು. ಮಂಚಕ್ಕೆ ಸರಿಹೋಗಲಿ ಅಂತ ಅತಿಥಿಗಳನ್ನು ಎಳೆಯುತ್ತಿದ್ದ, ಕತ್ತರಿಸುತ್ತಿದ್ದ ಗ್ರೀಕ್ ಕತೆಯ ದರೋಡೆಕೋರ ಆತ. ಈ ಹೆಸರು ನನಗೆ ಸರಿ ಅನ್ನಿಸುವುದಿಲ್ಲ. ಇಲ್ಲಿ ಆಕಾರವನ್ನು ಒಂದಿಷ್ಟೂ ಕೆಡಿಸುವಂತಿಲ್ಲ.

ಎರಡು ಪ್ರಭೇದಗಳ ಲೆಕ್ಕ ಒಂದರ ಮೇಲೊಂದು ಬೀಳುವುದೂ ಉಂಟು. ಆಗ ಡಿಎನ್‌ಎ ಪರೀಕ್ಷೆ ಬೇಕೇ ಬೇಕು. ಅದಕ್ಕೂ ಮೊದಲು ಅದೇ ರೆಕ್ಕೆಗೆ ಅದೇ ಕೈಯಿಂದ ಎರಡನೇ ಸಲ ಚುಕ್ಕಿ ಇಟ್ಟು ತಾಳೆ ನೋಡಬೇಕು. ನಮ್ಮ ಕೈ ಜಾರಿದ್ದೇ ಪ್ರಭೇದದ ವ್ಯತ್ಯಾಸದಷ್ಟು ಇದ್ದರೆ, ಚುಕ್ಕಿಗಳನ್ನು ಅಳಿಸಿ ಮತ್ತೆ ಇಡಬೇಕು.